ವೀಡಿಯೊ ಮುಗಿದರೆ ಪಾಠ ಮುಗಿಯಿತೇ?

ಆನ್‌ಲೈನ್ ಕೋರ್ಸ್ ನಡೆಸುವವರ ಕಣ್ಣಿಗೆ ಮೊದಲು ಬೀಳುವುದು ಎರಡು ಅಂಕಿ. ವೀಡಿಯೊವನ್ನು ಕೊನೆಯವರೆಗೂ ನೋಡಿದವರೆಷ್ಟು, ಐದು ನಕ್ಷತ್ರ ಕೊಟ್ಟವರೆಷ್ಟು. ಕಲಿತದ್ದೆಷ್ಟು ಎಂಬುದನ್ನು ಇವೆರಡೂ ಹೇಳುವುದಿಲ್ಲ, ಒಮ್ಮೊಮ್ಮೆ ತಪ್ಪಾಗಿಯೇ ಹೇಳುತ್ತವೆ. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಒಂದೇ ವಿಷಯವನ್ನು ಒಂದು ಗುಂಪಿಗೆ ನುರಿತ ಅಧ್ಯಾಪಕರ ಸೊಗಸಾದ ಉಪನ್ಯಾಸವಾಗಿ ಕೊಡಲಾಯಿತು. ಇನ್ನೊಂದು ಗುಂಪು ಅದೇ ವಿಷಯವನ್ನು ಲೆಕ್ಕ ಬಿಡಿಸುತ್ತಾ, ಎಡವುತ್ತಾ ಕಲಿಯಿತು. ‘ಚೆನ್ನಾಗಿ ಕಲಿತೆವು’ ಎಂದು ಹೆಚ್ಚಾಗಿ ಹೇಳಿದವರು ಉಪನ್ಯಾಸ ಕೇಳಿದವರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ಎಡವಿದವರು.

ಸರಾಗವಾಗಿ ಕೇಳಿಸಿಕೊಂಡದ್ದನ್ನೆಲ್ಲ ನಮ್ಮದಾಯಿತು ಎಂದು ಮನಸ್ಸು ಲೆಕ್ಕ ಹಾಕಿಕೊಳ್ಳುತ್ತದೆ. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಮಾಡಿದ ಪ್ರಯೋಗ ಈ ಭ್ರಮೆಯನ್ನು ಅಳೆದು ತೋರಿಸಿತು. ವಿದ್ಯಾರ್ಥಿಗಳು ಒಂದು ಗದ್ಯಭಾಗ ಓದಿದರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು, ಉಳಿದವರು ಪುಟ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಮತ್ತೆ ಓದಿದವರಿಗೆ ನೆನಪಿದ್ದದ್ದು ಶೇ 42ರಷ್ಟು, ನೆನಪಿಸಿಕೊಂಡು ಬರೆದವರಿಗೆ ಶೇ 56ರಷ್ಟು. ಹಾಗಾಗಿ ಆನ್‌ಲೈನ್ ಮಾಡ್ಯೂಲ್ (ಕೋರ್ಸಿನ ಒಂದು ಸಣ್ಣ ಪಾಠ) ಒಂದರ ಜೀವಾಳ ವೀಡಿಯೊ ಅಲ್ಲ, ಕಲಿಯುವವರು ಏನಾದರೂ ಮಾಡಬೇಕಾಗಿ ಬರುವ ಆ ಕ್ಷಣಗಳು. ವೀಡಿಯೊ, ಚಿತ್ರ, ಪಠ್ಯ ಎಲ್ಲವೂ ಆ ಕ್ಷಣಗಳಿಗೆ ಬೇಕಾದ ಸಾಮಗ್ರಿ ಮಾತ್ರ.

ಈ ಮಾತನ್ನು ಒಪ್ಪಿದರೆ ತಯಾರಿಯ ಕ್ರಮವೇ ತಲೆಕೆಳಗಾಗುತ್ತದೆ. ಸಾಮಾನ್ಯವಾಗಿ ಮೊದಲು ಸ್ಲೈಡ್, ಆಮೇಲೆ ರೆಕಾರ್ಡಿಂಗ್, ಸಮಯ ಉಳಿದರೆ ಕೊನೆಗೆ ಐದು ಪ್ರಶ್ನೆ. ಬದಲಿಗೆ ಕೊನೆಯ ಕೆಲಸವನ್ನೇ ಮೊದಲು ಬರೆಯಬೇಕು. ಅದು ಕಣ್ಣಿಗೆ ಕಾಣುವ ಕೆಲಸವಾಗಿರಬೇಕು. ‘ಓಮ್ ನಿಯಮವನ್ನು ಅರ್ಥಮಾಡಿಕೊಳ್ಳುವುದು’ ಎಂದು ಬರೆದರೆ ಪ್ರಯೋಜನವಿಲ್ಲ, ಅರ್ಥವಾಯಿತೋ ಇಲ್ಲವೋ ಯಾರಿಗೂ ಕಾಣದು. ‘12 ವೋಲ್ಟ್ ಬ್ಯಾಟರಿಗೆ 4 ಓಮ್ ಮತ್ತು 2 ಓಮ್ ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದಾಗ ಪ್ರತಿಯೊಂದರ ತುದಿಗಳ ನಡುವೆ ಎಷ್ಟು ವೋಲ್ಟ್ ಎಂದು ಲೆಕ್ಕ ಹಾಕುವುದು’ ಎಂದರೆ ಕಾಣುತ್ತದೆ. ವೃತ್ತಿ, ಬದುಕಿನ ವಿಷಯದಲ್ಲಿ ದಾರಿ ತೋರಿಸುವ ಕೋಚಿಂಗ್‌ನಲ್ಲೂ ಹಾಗೆಯೇ. ‘ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು’ ಗುರಿಯಲ್ಲ, ಹಾರೈಕೆ. ‘ಈ ವಾರ ಬರುವ ಹೆಚ್ಚುವರಿ ಕೆಲಸವೊಂದಕ್ಕೆ ಕಾರಣ ಹೇಳಿ, ಬೇರೆ ದಾರಿ ತೋರಿಸಿ, ಆಗುವುದಿಲ್ಲ ಎನ್ನುವುದು’ ಎಂಬುದು ಗುರಿ.

ಕೊನೆಯ ಕೆಲಸ ಗೊತ್ತಾದ ಮೇಲೆ ಅದಕ್ಕೆ ಮೆಟ್ಟಿಲಾಗುವ ಮೂರರಿಂದ ಐದು ಸಣ್ಣ ಪ್ರಶ್ನೆಗಳನ್ನು ಬರೆಯಿರಿ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದಕ್ಕೆ ಉತ್ತರಿಸಲು ಏನು ತಿಳಿದಿರಬೇಕೋ ಅಷ್ಟನ್ನು ಗುರುತು ಹಾಕಿ. ಕಲಿಸಬೇಕಾದದ್ದು ಅಷ್ಟೇ. ಯಾವ ಪ್ರಶ್ನೆಯ ಪಕ್ಕಕ್ಕೂ ಬಾರದ ವಿಷಯ, ಎಷ್ಟೇ ರುಚಿಕರವಾಗಿದ್ದರೂ, ಈ ಮಾಡ್ಯೂಲ್‌ನದ್ದಲ್ಲ. ಹದಿನೈದರಿಂದ ಇಪ್ಪತ್ತೈದು ನಿಮಿಷದ ಮಾಡ್ಯೂಲ್‌ಗೆ ಇಂಥ ಒಂದೇ ಒಂದು ಕೊನೆಯ ಕೆಲಸ ಸಾಕು. ಎರಡು ಬಂದರೆ ಎರಡು ಮಾಡ್ಯೂಲ್ ಮಾಡಿ. ವಿಷಯ ಬಲ್ಲವರಿಗೆ ಅತಿ ಕಷ್ಟವಾಗುವ ಹಂತ ಇದೇ, ಗೊತ್ತಿರುವುದನ್ನು ಬಿಡಲು ಕೈ ಬರುವುದಿಲ್ಲ.

ಬಿಡಲೇಬೇಕಾದ್ದಕ್ಕೆ ಕಾರಣ ಮಿದುಳಿನ ಮಿತಿ. ಹೊಸ ವಿಷಯವನ್ನು ಒಮ್ಮೆಲೇ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ತಿರುವಿ ನೋಡುವ ಜಾಗ ತೀರ ಚಿಕ್ಕದು. ಅಲ್ಲಿ ಒಮ್ಮೆಗೆ ಹಿಡಿಯುವುದು ಏಳರ ಆಸುಪಾಸು ಸಂಗತಿ ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಹೇಳಿದ್ದರು. ನೆಲ್ಸನ್ ಕೊವಾನ್ 2001ರಲ್ಲಿ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಹೊಸಬರಿಗೆ ಪ್ರತಿ ಚಿಹ್ನೆ, ಪ್ರತಿ ಪದ ಒಂದೊಂದು ಸ್ಥಾನ ಕಬಳಿಸುತ್ತದೆ. ಆದ್ದರಿಂದ ಮೊದಲ ಸಮಸ್ಯೆಯನ್ನೇ ಅವರ ಮುಂದೆ ಇಟ್ಟು ‘ಬಿಡಿಸಿ’ ಎನ್ನುವುದು ಫಲ ಕೊಡುವುದಿಲ್ಲ. ಜಾನ್ ಸ್ವೆಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದಲ್ಲಿ ತೋರಿಸಿದಂತೆ, ಹೊಸಬರಿಗೆ ಬಿಡಿಸಿಟ್ಟ ಉದಾಹರಣೆಗಳೇ ಒಳ್ಳೆಯ ಗುರು. ಮೊದಲನೆಯದನ್ನು ಪೂರ್ತಿ ಬಿಡಿಸಿ ತೋರಿಸಿ. ಎರಡನೆಯದರಲ್ಲಿ ಕೊನೆಯ ಹೆಜ್ಜೆಯನ್ನು ಖಾಲಿ ಬಿಡಿ, ಮೂರನೆಯದರಲ್ಲಿ ಕೊನೆಯ ಎರಡನ್ನು. ನಾಲ್ಕನೆಯದನ್ನು ಅವರೇ ಮಾಡಲಿ. ಆದರೆ ಇದೇ ಮೆಟ್ಟಿಲು ಬಲ್ಲವರಿಗೆ ತೊಡಕು. ಗೊತ್ತಿರುವುದನ್ನೇ ಹೆಜ್ಜೆ ಹೆಜ್ಜೆಯಾಗಿ ವಿವರಿಸಿದರೆ ಅವರ ಕಲಿಕೆ ಕುಂಟುತ್ತದೆ ಎಂಬುದೂ ಪ್ರಯೋಗಗಳಲ್ಲಿ ಕಂಡದ್ದೇ. ಅದಕ್ಕೆ ಮಾಡ್ಯೂಲ್‌ನ ಬಾಗಿಲಲ್ಲೇ ಮೂರು ಪ್ರಶ್ನೆ ಇಟ್ಟು, ಮೂರಕ್ಕೂ ಸರಿಯುತ್ತರ ಕೊಟ್ಟವರನ್ನು ನೇರ ನಾಲ್ಕನೆಯ ಸಮಸ್ಯೆಗೆ ಕಳಿಸಬೇಕು.

ಇನ್ನು ವೀಡಿಯೊ. ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ನಾಲ್ಕು ಕೋರ್ಸ್‌ಗಳಲ್ಲಿ ಜನ 69 ಲಕ್ಷ ಸಲ ವೀಡಿಯೊ ನೋಡಿದ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ವೀಡಿಯೊ ಎಷ್ಟೇ ಉದ್ದವಿರಲಿ, ನೋಡುಗರು ಅದರಲ್ಲಿ ನಿಲ್ಲುವ ಮಧ್ಯಕ ಅವಧಿ (ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಹೆಚ್ಚು ನಿಲ್ಲುವ ಹೊತ್ತು) ಆರು ನಿಮಿಷ ದಾಟುತ್ತಿರಲಿಲ್ಲ. ಅಂದಿನಿಂದ ‘ಆರು ನಿಮಿಷ’ ಎಂಬುದು ಮಂತ್ರವಾಗಿಬಿಟ್ಟಿದೆ. ಇದನ್ನು ತುಸು ಎಚ್ಚರದಿಂದ ಓದಬೇಕು. ಅವರು ಅಳೆದದ್ದು ನೋಡುವ ಅವಧಿಯನ್ನು, ಕಲಿಕೆಯನ್ನಲ್ಲ. ಇಪ್ಪತ್ನಾಲ್ಕು ನಿಮಿಷದ ಹಳೆಯ ಉಪನ್ಯಾಸವನ್ನು ಕತ್ತರಿಸಿ ನಾಲ್ಕು ತುಂಡು ಮಾಡಿದರೆ ಸಿಗುವುದು ನಾಲ್ಕು ಅರೆಬರೆ ವೀಡಿಯೊ. ಒಂದು ತುಂಡು ಒಂದು ಪ್ರಶ್ನೆಗೆ ಉತ್ತರವಾಗಿರಬೇಕು. ಅದು ಮೂರು ನಿಮಿಷಕ್ಕೆ ಮುಗಿದರೆ ಅಲ್ಲೇ ನಿಲ್ಲಿಸಿ.

ತೆರೆಯ ಮೇಲಿರುವ ಉದ್ದ ವಾಕ್ಯಗಳನ್ನೇ ದನಿಯಲ್ಲೂ ಓದುವುದು ಎಲ್ಲೆಡೆ ಕಾಣುವ ತಪ್ಪು. ನೋಡುಗರು ತಮ್ಮ ವೇಗದಲ್ಲಿ ಓದುತ್ತಾರೆ, ಕಿವಿ ಇನ್ನೊಂದು ವೇಗದಲ್ಲಿ ಕೇಳುತ್ತದೆ, ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ರಿಚರ್ಡ್ ಮೇಯರ್ ಅವರ ದಶಕಗಳ ಪ್ರಯೋಗಗಳ ಸಾರ ಸರಳವಾಗಿದೆ: ಚಿತ್ರವಿದ್ದಲ್ಲಿ ವಿವರಣೆ ದನಿಯಲ್ಲಿರಲಿ. ತೆರೆಯ ಮೇಲೆ ನಾಲ್ಕಾರು ಪದಗಳಷ್ಟೇ ಇರಲಿ, ಅವೂ ಚಿತ್ರದ ಆ ಭಾಗದ ಪಕ್ಕದಲ್ಲೇ ಇರಲಿ. ಕೆಳಗೆ ಅಂಕಿ ಹಾಕಿ ಪಟ್ಟಿ ಕೊಟ್ಟರೆ ಕಣ್ಣು ಮೇಲೆ ಕೆಳಗೆ ಓಡಾಡಿಯೇ ದಣಿಯುತ್ತದೆ. ಹಿನ್ನೆಲೆ ಸಂಗೀತ, ವಿಷಯಕ್ಕೆ ಸೇರದ ತಮಾಷೆಯ ಚಿತ್ರ, ಹಾರಿಬರುವ ಅಕ್ಷರ ಎಲ್ಲವನ್ನೂ ತೆಗೆದುಹಾಕಿ. ಅಡಿಬರಹದ ವಿಚಾರ ಬೇರೆ. ಕಿವಿ ಕೇಳಿಸದವರಿಗೂ ಗದ್ದಲದಲ್ಲಿ ಕೂತವರಿಗೂ ಅದು ಬೇಕೇ ಬೇಕು, ಹಾಕಿಕೊಳ್ಳುವ ತೆಗೆಯುವ ಸ್ವಾತಂತ್ರ್ಯ ನೋಡುಗರಿಗಿರಲಿ. ಖರ್ಚು ಮಾಡುವುದಿದ್ದರೆ ಕ್ಯಾಮೆರಾಕ್ಕಿಂತ ಮೊದಲು ಮೈಕ್‌ಗೆ ಮಾಡಿ. ಮಸುಕು ಚಿತ್ರವನ್ನು ಸಹಿಸುವ ಜನ ಗುಂಯ್‌ಗುಡುವ ದನಿಯನ್ನು ಸಹಿಸುವುದಿಲ್ಲ. ಬಾಯಿಂದ ಒಂದು ಗೇಣು ದೂರದಲ್ಲಿ ಮೈಕ್, ಕಿಟಕಿ ಪರದೆ, ಬಟ್ಟೆಬರೆ ತುಂಬಿದ ಕೋಣೆ, ಇಷ್ಟಿದ್ದರೆ ಪ್ರತಿಧ್ವನಿ ಬಹುಪಾಲು ಅಡಗುತ್ತದೆ.

ತುಂಡುಗಳ ನಡುವೆ ಪ್ರಶ್ನೆ ಬರಬೇಕು. 2013ರ ಪ್ರಯೋಗವೊಂದರಲ್ಲಿ 21 ನಿಮಿಷದ ಸಂಖ್ಯಾಶಾಸ್ತ್ರ ಪಾಠವನ್ನು ನಾಲ್ಕು ಭಾಗ ಮಾಡಿ, ನಡುನಡುವೆ ಪುಟ್ಟ ಪರೀಕ್ಷೆ ಇಟ್ಟು ನೋಡಿದರು. ಪರೀಕ್ಷೆ ಎದುರಿಸಿದವರ ಮನಸ್ಸು ಅಲೆದದ್ದು ಉಳಿದವರಿಗಿಂತ ಸರಿಸುಮಾರು ಅರ್ಧ ಮಾತ್ರ, ಟಿಪ್ಪಣಿ ಬರೆದುಕೊಂಡದ್ದು ಹೆಚ್ಚು. ಆದರೆ ಎಂಥ ಪ್ರಶ್ನೆ ಎಂಬುದೇ ಮುಖ್ಯ. ಈಗಷ್ಟೇ ಹೇಳಿದ ಪದವನ್ನು ಗುರುತಿಸುವ ಪ್ರಶ್ನೆ ಕಣ್ಣಿಗೆ ಕೆಲಸ ಕೊಡುತ್ತದೆ, ತಲೆಗಲ್ಲ. ಬಹು ಆಯ್ಕೆಯಾದರೆ ತಪ್ಪು ಆಯ್ಕೆಗಳು ಕಲಿಯುವವರು ನಿಜವಾಗಿ ಮಾಡುವ ತಪ್ಪುಗಳಿಂದಲೇ ಬರಬೇಕು. ಮೇಲಿನ ರೋಧಕಗಳ ಲೆಕ್ಕದಲ್ಲಿ 4 ಓಮ್‌ಗೆ ಸರಿಯುತ್ತರ 8 ವೋಲ್ಟ್. ವೋಲ್ಟೇಜ್ ಎರಡಕ್ಕೂ ಸಮಪಾಲಾಗುತ್ತದೆ ಎಂದುಕೊಂಡವರಿಗೆ 6 ಸಿಗುತ್ತದೆ, ಬ್ಯಾಟರಿಯದೆಲ್ಲ ಪ್ರತಿ ರೋಧಕಕ್ಕೂ ಸಿಗುತ್ತದೆ ಎಂದುಕೊಂಡವರಿಗೆ 12. ಈ ಮೂರು ಆಯ್ಕೆ ಸಾಕು. ನಾಲ್ಕನೆಯದನ್ನು ಸುಮ್ಮನೆ ತುಂಬಿಸಿದರೆ ಅದನ್ನು ಯಾರೂ ಆರಿಸುವುದಿಲ್ಲ. 6 ಒತ್ತಿದವರಿಗೆ ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂದರೆ ಮುಂದಿನ ಸಲ 12 ಒತ್ತುತ್ತಾರೆ, ಅಷ್ಟೇ. ‘ಸಮಪಾಲು ಆಗುವುದು ರೋಧಗಳು ಸಮನಾಗಿದ್ದಾಗ. ಇಲ್ಲಿ ಎರಡರಲ್ಲೂ ಹರಿಯುವ ವಿದ್ಯುತ್ ಒಂದೇ, ಅದೆಷ್ಟು ಎಂದು ಮೊದಲು ಕಂಡುಹಿಡಿಯಿರಿ’ ಎಂದರೆ ಅವರ ತಪ್ಪಿಗೇ ಉತ್ತರ ಕೊಟ್ಟಂತೆ. ಮಾಡ್ಯೂಲ್ ತಯಾರಿಯ ಸಮಯದಲ್ಲಿ ದೊಡ್ಡ ಪಾಲು ಈ ಸಾಲುಗಳಿಗೆ ಹೋಗಬೇಕು.

ಪದ ಟೈಪ್ ಮಾಡಿಸುವ ಪ್ರಶ್ನೆ ಬಹು ಆಯ್ಕೆಗಿಂತ ಗಟ್ಟಿ, ಆದರೆ ಕನ್ನಡದಂಥ ಲಿಪಿಗಳಲ್ಲಿ ಒಂದು ಗುಂಡಿ ಇದೆ. ನೋಡಲು ಒಂದೇ ಆಗಿರುವ ಪದದೊಳಗೆ ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರವೊಂದು ಕೂತಿರಬಹುದು, ಒಬ್ಬರು ‘5’ ಎಂದೂ ಇನ್ನೊಬ್ಬರು ‘೫’ ಎಂದೂ ಒತ್ತಿರಬಹುದು. ಯಂತ್ರ ಎರಡನ್ನೂ ಬೇರೆ ಎನ್ನುತ್ತದೆ. ಸರಿಯುತ್ತರಕ್ಕೆ ‘ತಪ್ಪು’ ಬಿದ್ದರೆ ಮಾಡ್ಯೂಲ್ ಮೇಲಿನ ನಂಬಿಕೆಯೇ ಹೋಗುತ್ತದೆ. ಪದವನ್ನು ಯಂತ್ರದಿಂದ ತಿದ್ದಿಸುವ ಬದಲು, ಬರೆದು ಮುಗಿಸಿದ ಮೇಲೆ ಮಾದರಿ ಉತ್ತರ ತೋರಿಸಿ ತಾವೇ ಹೋಲಿಸಿಕೊಳ್ಳಲು ಬಿಡುವುದು ಲೇಸು.

ಮರೆವನ್ನು ಮಾಡ್ಯೂಲ್‌ನ ಹೊರಗೆ ಬಿಡುವಂತಿಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಮರೆವಿನ ರೇಖೆ ಮೊದಲ ಗಂಟೆಗಳಲ್ಲೇ ಕಡಿದಾಗಿ ಇಳಿಯುತ್ತದೆ. ಯಾವಾಗ ನೆನಪಿಸಬೇಕು ಎಂಬುದಕ್ಕೆ 2008ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ಒಳ್ಳೆಯ ಅಂದಾಜು ಕೊಟ್ಟಿದೆ. 35 ದಿನಗಳ ನಂತರ ಬೇಕಾಗುವ ವಿಷಯವಾದರೆ ಮೊದಲ ಕಲಿಕೆಗೂ ಪುನರಾವರ್ತನೆಗೂ ಸುಮಾರು 11 ದಿನ ಅಂತರ, ಹೆಚ್ಚುಕಡಿಮೆ ಒಂದು ವರ್ಷದ ನಂತರ ಬೇಕಾಗುವುದಾದರೆ ಸುಮಾರು ಮೂರು ವಾರ. ಪ್ರತಿ ಮಾಡ್ಯೂಲ್ ಹಿಂದಿನವುಗಳಿಂದ ಎರಡು ಪ್ರಶ್ನೆಯೊಂದಿಗೆ ಶುರುವಾಗುವಂತೆ ಮಾಡಿದರೆ ಈ ಕೆಲಸದ ಬಹುಪಾಲು ತಾನಾಗಿ ನಡೆಯುತ್ತದೆ. ಪ್ರಶ್ನೆಗಳನ್ನು ಬೆರೆಸುವುದೂ ಅಷ್ಟೇ ಮುಖ್ಯ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರದ ಲೆಕ್ಕ ಕಲಿಸಿದರು. ಒಂದೊಂದು ಬಗೆಯ ಲೆಕ್ಕವನ್ನು ಒಟ್ಟಿಗೆ ಮಾಡಿದವರು ಅಭ್ಯಾಸದಲ್ಲಿ ಶೇ 89 ಸರಿ, ವಾರದ ನಂತರ ಶೇ 20. ಬೆರೆಸಿ ಮಾಡಿದವರು ಅಭ್ಯಾಸದಲ್ಲಿ ಶೇ 60, ವಾರದ ನಂತರ ಶೇ 63. ಯಾವ ಸೂತ್ರ ಹಾಕಬೇಕೆಂದು ಆರಿಸುವುದನ್ನು ಕಲಿತವರು ಎರಡನೆಯವರು ಮಾತ್ರ.

ವೃತ್ತಿ, ಆರೋಗ್ಯ, ನಾಯಕತ್ವದಂಥ ವಿಷಯಗಳಿಗೆ ಕೋಚ್ ಬಳಿ ಬರುವವರ ಕತೆ ಬೇರೆ. ಏನು ಮಾಡಬೇಕೆಂದು ಅವರಿಗೆ ಬಹುತೇಕ ಗೊತ್ತಿರುತ್ತದೆ, ಮಾಡುವುದಿಲ್ಲ. ಅವರಿಗೆ ಕೊನೆಯಲ್ಲಿ ಪರೀಕ್ಷೆ ಇಟ್ಟರೆ ನೂರಕ್ಕೆ ನೂರು ತೆಗೆದು ಹಳೆಯ ದಾರಿಯಲ್ಲೇ ಹೋಗುತ್ತಾರೆ. ಇಲ್ಲಿ ಮಾಡ್ಯೂಲ್ ಒಂದು ವಾಕ್ಯದೊಂದಿಗೆ ಮುಗಿಯಲಿ: ‘ಇಂಥದ್ದು ಆದಾಗ ನಾನು ಹೀಗೆ ಮಾಡುತ್ತೇನೆ.’ ಪೀಟರ್ ಗಾಲ್ವಿಟ್ಸರ್ ಮತ್ತು ಪಾಸ್ಕಲ್ ಷೀರನ್ 2006ರಲ್ಲಿ 94 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಂದರ್ಭಕ್ಕೆ ಕೆಲಸವನ್ನು ಹೀಗೆ ಗಂಟು ಹಾಕಿದವರು ಗುರಿ ಮುಟ್ಟುವುದು ಗಮನಾರ್ಹವಾಗಿ ಹೆಚ್ಚು ಎಂದು ಕಂಡಿತು. ‘ಆದಾಗ’ ಎಂಬ ಭಾಗ ಖಚಿತವಾಗಿರಬೇಕು. ‘ಬಿಡುವಾದಾಗ’ ಎಂದರೆ ಆಗುವುದಿಲ್ಲ, ‘ಬೆಳಗಿನ ಸಭೆ ಮುಗಿದು ಕುರ್ಚಿಗೆ ಮರಳಿದಾಗ’ ಎಂದರೆ ಆಗುತ್ತದೆ. ಮುಂದಿನ ಮಾಡ್ಯೂಲ್ ಎರಡು ಖಾಲಿ ಪೆಟ್ಟಿಗೆಯೊಂದಿಗೆ ತೆರೆಯಲಿ: ಏನು ನಡೆಯಿತು, ಅಡ್ಡ ಬಂದದ್ದೇನು. ಆ ಪೆಟ್ಟಿಗೆಯ ಮೇಲೆಯೇ ಇದನ್ನು ಯಾರು ಓದುತ್ತಾರೆ ಎಂದು ಬರೆದಿರಬೇಕು. ಬರೆದಿರದಿದ್ದರೆ ಬರುವುದು ಶಿಷ್ಟಾಚಾರದ ಉತ್ತರ.

ಅಂಕ, ಪದಕ, ಶ್ರೇಯಾಂಕ ಪಟ್ಟಿಗಳ ಬಗ್ಗೆ ನಮ್ಮ ಉತ್ಸಾಹ ಕಡಿಮೆ. ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿ ಬಿಡಿಸಲು ಹಚ್ಚಿದರೆ, ಆಮೇಲೆ ತಾವಾಗಿ ಬಿಡಿಸುವುದು ತಗ್ಗುತ್ತದೆ ಎಂದು 1973ರಲ್ಲೇ ಕಂಡಿದೆ. ಪಟ್ಟಿಯ ಕೆಳಗಿರುವವರನ್ನು ಓಡಿಸಲು ಶ್ರೇಯಾಂಕಕ್ಕಿಂತ ಸುಲಭದ ಉಪಾಯ ಇನ್ನೊಂದಿಲ್ಲ.

ತಾಂತ್ರಿಕ ತೊಡಕುಗಳಲ್ಲಿ ಒಂದೆರಡನ್ನು ಹೇಳದೆ ಹೋಗುವಂತಿಲ್ಲ. ಕೋರ್ಸ್ ನಡೆಸುವ ತಂತ್ರಾಂಶಗಳಿಗೆ ಮಾಡ್ಯೂಲ್ ಹೊಂದಿಕೊಳ್ಳಲೆಂದು ಇರುವ ಸ್ಕಾರ್ಮ್ 1.2 ಎಂಬ ಮಾದರಿಯಲ್ಲಿ ಮಾಡ್ಯೂಲ್ ಹೊರತಂದರೆ, ಎಲ್ಲಿಗೆ ಬಿಟ್ಟಿದ್ದರು ಎಂಬ ದಾಖಲೆಗೆ ಸಿಗುವ ಜಾಗ 4,096 ಅಕ್ಷರ. ಉದ್ದದ ಮಾಡ್ಯೂಲ್‌ನಲ್ಲಿ ಇದು ತುಂಬಿಹೋಗಿ, ಮರಳಿ ಬಂದವರು ಮತ್ತೆ ಮೊದಲ ಪುಟದಲ್ಲಿ ನಿಲ್ಲುತ್ತಾರೆ. ಉತ್ತರವನ್ನು ಎಳೆದು ಜಾಗಕ್ಕೆ ಬಿಡುವ ಪ್ರಶ್ನೆಗಳು ಫೋನಿನಲ್ಲಿ ಬೆರಳಿಗೆ ಸರಿಯಾಗಿ ಸಿಗುವುದಿಲ್ಲ, ಕೀಲಿಮಣೆ ಮಾತ್ರ ಬಳಸುವವರಿಗೆ ಹಲವು ಸಲ ಅಸಾಧ್ಯ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5:1 ಇರಲಿ ಎಂಬುದು ಅಂತರರಾಷ್ಟ್ರೀಯ ಮಾನದಂಡ. ತಿಳಿಬೂದು ಅಕ್ಷರದ ಮೋಹದಲ್ಲಿ ಮೊದಲು ಮುರಿಯುವುದು ಇದನ್ನೇ.

ಬಿಡುಗಡೆಗೆ ಮುಂಚೆ ನಾಲ್ಕೈದು ಜನರನ್ನು ಕೂರಿಸಿ, ಅನಿಸಿದ್ದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಲು ಹೇಳಿ, ನೀವು ತುಟಿ ಪಿಟಕ್ಕೆನ್ನದೆ ನೋಡಿ. ಬಿಡುಗಡೆಯ ನಂತರ ಏಳನೆಯ ದಿನ ಎಲ್ಲರಿಗೂ ಮೂರು ಪ್ರಶ್ನೆ ಕಳಿಸಿ. ಮಾಡ್ಯೂಲ್‌ನಲ್ಲೂ ಏಳನೆಯ ದಿನವೂ ಎಲ್ಲರೂ ಸರಿ ಮಾಡಿದ ಪ್ರಶ್ನೆ ತೀರ ಸುಲಭದ್ದು, ತೆಗೆಯಿರಿ. ಎರಡೂ ಕಡೆ ಮೂರನೆಯ ಒಂದು ಭಾಗ ಜನವೂ ಸರಿ ಮಾಡದಿದ್ದರೆ ಪ್ರಶ್ನೆಯ ವಾಕ್ಯವನ್ನು ಮೊದಲು ಅನುಮಾನಿಸಿ, ವಿವರಣೆಯನ್ನು ಆಮೇಲೆ. ಮಾಡ್ಯೂಲ್‌ನಲ್ಲಿ ಸರಿ, ಏಳನೆಯ ದಿನ ತಪ್ಪು ಎಂದು ಬಂದರೆ ವೀಡಿಯೊವನ್ನು ಮತ್ತೆ ಚಿತ್ರೀಕರಿಸಬೇಕಿಲ್ಲ, ಆ ಪ್ರಶ್ನೆಯನ್ನು ಮುಂದಿನ ಎರಡು ಮಾಡ್ಯೂಲ್‌ಗಳ ಆರಂಭಕ್ಕೆ ಸೇರಿಸಿದರೆ ಸಾಕು.