ತೊಂದರೆ ಕೆಳಗೆ, ಪೆಟ್ಟು ಕಿಡ್ನಿಗೆ

ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ರಕ್ತದಲ್ಲಿನ ಕಸ, ಜಾಸ್ತಿ ಬಂದಿರುವ ರಿಪೋರ್ಟ್ ಹಿಡಿದು ಬಂದವರು ಮೊದಲು ಕೇಳುವುದು, "ಕಿಡ್ನಿಗೆ ಏನಾಗಿದೆ ಡಾಕ್ಟ್ರೇ?" ನಾನು ಮೊದಲು ಕಿಬ್ಬೊಟ್ಟೆ ಮುಟ್ಟಿ ನೋಡುತ್ತೇನೆ. ಕೆಲವರಲ್ಲಿ ರೋಗದ ಮೂಲ ಕಿಡ್ನಿಗಿಂತ ಕೆಳಗಿರುತ್ತದೆ. ಗಂಡಸರಾದರೆ ಪ್ರಾಸ್ಟೇಟ್ ಗ್ರಂಥಿ, ಹೆಂಗಸರಾದರೆ ಗರ್ಭಕೋಶ.

ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಬಹುಪಾಲು ರಕ್ತಕ್ಕೇ ವಾಪಸ್ ಹೋಗುತ್ತದೆ. ಒಂದೂವರೆ, ಎರಡು ಲೀಟರ್ ಮಾತ್ರ ಮೂತ್ರವಾಗುತ್ತದೆ. ಕೆಳಗೆ ದಾರಿ ಕಟ್ಟಿಕೊಂಡಿತು ಅಂತ ಕಿಡ್ನಿ ಕೆಲಸ ನಿಲ್ಲಿಸುವುದಿಲ್ಲ. ಮೂತ್ರ ತುಂಬುತ್ತಾ ಹೋಗುತ್ತದೆ, ಒತ್ತಡ ಮೇಲಕ್ಕೆ ಏರುತ್ತದೆ. ಕಿಡ್ನಿ ಊದಿಕೊಂಡು, ಸೋಸುವ ಭಾಗ ತೆಳ್ಳಗಾಗುತ್ತದೆ.

ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಬಾಯಿಯ ಹತ್ತಿರ, ಮೂತ್ರದ ದಾರಿಯನ್ನು ಸುತ್ತುವರಿದು. ವಯಸ್ಸಾದಂತೆ ಅದು ದೊಡ್ಡದಾಗುತ್ತದೆ. ಧಾರೆ ಸಣ್ಣಗಾಗುತ್ತದೆ, ರಾತ್ರಿ ಮತ್ತೆ ಮತ್ತೆ ಏಳಬೇಕಾಗುತ್ತದೆ. "ವಯಸ್ಸಾಯ್ತಲ್ವಾ" ಅಂತ ಸುಮ್ಮನಿದ್ದುಬಿಡುತ್ತಾರೆ. ಮೂತ್ರ ಒಮ್ಮೆಲೇ ಕಟ್ಟಿದರೆ ನೋವು ತಡೆಯಲಾರದೆ ಆಸ್ಪತ್ರೆಗೆ ಓಡಿ ಬರುತ್ತಾರೆ. ನನಗೆ ಹೆಚ್ಚು ಭಯ ಇರುವುದು ನಿಧಾನವಾಗಿ ಕಟ್ಟುವುದರ ಬಗ್ಗೆ. ಸಾಮಾನ್ಯವಾಗಿ 400–500 ಮಿಲಿ ತುಂಬಿದರೆ ತಡೆಯಲಾಗದ ಮೂತ್ರಕೋಶ, ತಿಂಗಳುಗಟ್ಟಲೆ ಹಿಗ್ಗಿ ಹಿಗ್ಗಿ ಒಂದು ಲೀಟರಿಗಿಂತ ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ನೋವೇ ಇರುವುದಿಲ್ಲ.

ಇಂಥವರನ್ನು ಮಕ್ಕಳು ಕರೆತರುವುದು ಬೇರೆಯೇ ಕಾರಣಕ್ಕೆ. "ಅಪ್ಪ ರಾತ್ರಿ ಹಾಸಿಗೆ ಒದ್ದೆ ಮಾಡ್ಕೊಳ್ತಾರೆ." ಆ ಹಿರಿಯರು ತಲೆ ತಗ್ಗಿಸಿ ಕೂತಿರುತ್ತಾರೆ. ಮಲಗಿಸಿ ನೋಡಿದರೆ ಹೊಕ್ಕುಳಿನ ಕೆಳಗೆ ಗುಂಡಗೆ, ಬಿಗಿಯಾದ ಉಬ್ಬು. ಅದು ತುಂಬಿದ ಮೂತ್ರಕೋಶ. ನಿದ್ದೆಯಲ್ಲಿ ಸೋರುತ್ತಿರುವುದು ಅದರಲ್ಲಿ ಹಿಡಿಸದೆ ಉಕ್ಕಿದ ಮೂತ್ರ. ಮೂತ್ರ ಹಿಡಿತಕ್ಕೆ ಬರಲೆಂದು ಮಾತ್ರೆ ನುಂಗಿದರೆ ಇನ್ನಷ್ಟು ಕಟ್ಟಿಕೊಳ್ಳಬಹುದು. ಅದಕ್ಕೇ, ವಯಸ್ಸಾದ ಗಂಡಸರು ಹೊಸದಾಗಿ ಹಾಸಿಗೆ ಒದ್ದೆ ಮಾಡಿಕೊಂಡರೆ ದಯವಿಟ್ಟು ಬೈಯಬೇಡಿ, ಸ್ಕ್ಯಾನ್ ಮಾಡಿಸಿ.

ಮೂತ್ರ ಹೊರಗೆ ಹರಿಸುವ ಕೊಳವೆ (ಕ್ಯಾಥೆಟರ್) ಹಾಕಿದ ಮೇಲೂ ಅವರನ್ನು ತಕ್ಷಣ ಮನೆಗೆ ಕಳಿಸುವುದಿಲ್ಲ. ತಡೆ ಹೋದ ಮೊದಲ ಒಂದೆರಡು ದಿನ ಕೆಲವರಿಗೆ ಲೀಟರುಗಟ್ಟಲೆ ಮೂತ್ರ ಹೋಗುತ್ತದೆ, ಜೊತೆಗೆ ಉಪ್ಪಿನ ಅಂಶವೂ. ಬಿಪಿ ಬೀಳಬಹುದು. ಗಂಟೆಗಂಟೆಗೂ ಅಳೆದು ನೋಡಬೇಕು. ಆಮೇಲೆ ಪ್ರಾಸ್ಟೇಟಿಗೆ ಚಿಕಿತ್ಸೆ. ಬರೀ ರಾತ್ರಿ ಏಳುವ ತೊಂದರೆಯಿದ್ದವರಿಗೆ ಮಾತ್ರೆ ಸಾಕಾಗಬಹುದು, ಕಿಡ್ನಿ ಊದಿದವರಿಗೆ ಸಾಮಾನ್ಯವಾಗಿ ಆಪರೇಷನ್ನೇ ಬೇಕಾಗುತ್ತದೆ. ಇನ್ನೊಂದು ಮಾತು. ಮೂಗು ಕಟ್ಟಿದಾಗ ನುಂಗುವ ಕೆಲವು ನೆಗಡಿ ಮಾತ್ರೆಗಳು ಪ್ರಾಸ್ಟೇಟ್ ದೊಡ್ಡದಾದವರಲ್ಲಿ ಮೂತ್ರವನ್ನು ಪೂರ್ತಿ ಕಟ್ಟಿಬಿಡಬಹುದು. ಕೇಳದೆ ತಗೊಳ್ಳಬೇಡಿ.

ಹೆಂಗಸರ ವಿಷಯಕ್ಕೆ ಬಂದರೆ, ಕಿಡ್ನಿಯಿಂದ ಮೂತ್ರ ತರುವ ನಾಳಗಳು ಗರ್ಭಕೋಶದ ಬಾಯಿಯ ಎರಡೂ ಪಕ್ಕದಲ್ಲಿ ತೀರಾ ಹತ್ತಿರ ಹಾದುಹೋಗುತ್ತವೆ. ಹಾಗಾಗಿ ಅಲ್ಲಿನ ಕ್ಯಾನ್ಸರ್ ಪಕ್ಕಕ್ಕೆ ಹರಡಿದರೆ ನಾಳವನ್ನು ಒತ್ತಿ ಮುಚ್ಚುತ್ತದೆ. ಈ ಕ್ಯಾನ್ಸರಿನಿಂದ ಕಿಡ್ನಿ ಊದಿದ್ದರೆ ಅದನ್ನು ಕನಿಷ್ಠ ಮೂರನೇ ಹಂತ ಎಂದೇ ಲೆಕ್ಕ ಹಾಕುತ್ತೇವೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋದರೆ, ಕಾಯಬೇಡಿ.

ಗರ್ಭಕೋಶ ಪೂರ್ತಿ ಹೊರಗೆ ಜಾರಿದಾಗಲೂ ಆ ನಾಳಗಳು ಎಳೆದು ಬಾಗುತ್ತವೆ. ನಾಚಿಕೆಯಿಂದ ವರ್ಷಗಟ್ಟಲೆ ಬಚ್ಚಿಟ್ಟ ತಾಯಂದಿರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಆಪರೇಷನ್ ಬೇಡವೆನ್ನುವವರಿಗೆ ಗರ್ಭಕೋಶ ಜಾರದಂತೆ ಒಳಗಿಡುವ ರಿಂಗ್ ಕೂಡ ಇದೆ. ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ದೊಡ್ಡ ಫೈಬ್ರಾಯ್ಡ್ ಗಡ್ಡೆಗಳೂ ನಾಳಗಳನ್ನು ಒತ್ತಬಹುದು.

"ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ" ಅಂತ ಸಮಾಧಾನ ಮಾಡಿಕೊಳ್ಳುವಂತಿಲ್ಲ. ಒಂದೇ ಕಡೆ ಕಟ್ಟಿಕೊಂಡರೆ ಇನ್ನೊಂದು ಕಿಡ್ನಿ ಕೆಲಸ ನಿಭಾಯಿಸುತ್ತದೆ. ರಕ್ತಪರೀಕ್ಷೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಮೂತ್ರ ಮಾಡುವ ಮೊದಲು ಒಮ್ಮೆ, ಮಾಡಿದ ಮೇಲೆ ಒಮ್ಮೆ ಸ್ಕ್ಯಾನ್ ಮಾಡಿಸಿದರೆ ಊತವೂ ಕಾಣುತ್ತದೆ, ಒಳಗೆ ಎಷ್ಟು ಉಳಿದಿದೆ ಎಂದೂ ತಿಳಿಯುತ್ತದೆ. ತಡೆ ಬೇಗ ತೆಗೆದರೆ ಕಿಡ್ನಿ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಕಳೆದುಕೊಂಡಿದ್ದೆಲ್ಲ ವಾಪಸ್ ಬರುವುದಿಲ್ಲ.

ಮೂತ್ರ ಸರಿಯಾಗಿ ಹೋಗುತ್ತಿಲ್ಲ, ಜೊತೆಗೆ ಚಳಿಜ್ವರ ಬಂತು ಅಂದರೆ ಬೆಳಗಾಗಲಿ ಅಂತ ಕಾಯಬಾರದು. ನಿಂತ ಮೂತ್ರದ ಸೋಂಕು ಬೇಗ ರಕ್ತಕ್ಕೆ ಏರುತ್ತದೆ. ಆಗ ಆ್ಯಂಟಿಬಯೋಟಿಕ್ ಒಂದೇ ಸಾಲದು, ಕಟ್ಟಿಕೊಂಡ ಮೂತ್ರವನ್ನೂ ಹೊರಗೆ ಹರಿಸಬೇಕು. ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.