ಸಣ್ಣ ದೋಣಿ ಈಗಲೇ ಕೊಳ್ಳುವುದೋ, ದೊಡ್ಡದಕ್ಕೆ ಕಾಯುವುದೋ

ಈ ಪ್ರಶ್ನೆ ಹೊತ್ತು ಬರುವವರ ಕಣ್ಣೆದುರು ಸಾಮಾನ್ಯವಾಗಿ ಎರಡು ದೋಣಿಗಳಿರುತ್ತವೆ. ಒಂದು 22 ಅಡಿಯ ಹಳೇ ಫೈಬರ್ ಹಾಯಿದೋಣಿ. ಅದಕ್ಕೆ ಬೇಕಾದ ದುಡ್ಡು ಈಗಲೇ ಕೈಯಲ್ಲಿದೆ. ಇನ್ನೊಂದು 30 ಅಡಿಯದು; ಅದಕ್ಕೆ ಇನ್ನೂ ಮೂರ್ನಾಲ್ಕು ವರ್ಷ ಕೂಡಿಡಬೇಕು. ‘ವ್ಯತ್ಯಾಸ ಎಂಟೇ ಅಡಿ ತಾನೇ’ ಎಂದು ಮಾತು ಶುರುವಾಗುತ್ತದೆ. ಲೆಕ್ಕ ತಪ್ಪುವುದೂ ಅಲ್ಲೇ.

ದೋಣಿಯನ್ನು ಅಡಿಯಲ್ಲಿ ಅಳೆದು ಮಾರುತ್ತಾರೆ, ಖರ್ಚು ಮಾತ್ರ ತೂಕದ ಜೊತೆ ಏರುತ್ತದೆ. ಉದ್ದ ಒಂದೂವರೆ ಪಟ್ಟಾಗಿ, ಅಗಲ ಮತ್ತು ಆಳವೂ ಅದೇ ಪ್ರಮಾಣದಲ್ಲಿ ಹಿಗ್ಗಿದರೆ ಗಾತ್ರ ಮೂರೂಕಾಲು ಪಟ್ಟು ದಾಟುತ್ತದೆ. ಕ್ಯಾಟಲೀನಾ 22 ಎಂಬ ಹೆಸರಾಂತ ದೋಣಿಯ ತೂಕ ಸುಮಾರು ಒಂದು ಟನ್. ಅದೇ ಕಂಪನಿಯ ಕ್ಯಾಟಲೀನಾ 30 ಸುಮಾರು ನಾಲ್ಕೂವರೆ ಟನ್. ಹಗ್ಗದ ದಪ್ಪ, ಲಂಗರಿನ ತೂಕ, ಎಂಜಿನ್, ಬಣ್ಣ, ಎತ್ತುವ ಕ್ರೇನಿನ ಬಾಡಿಗೆ ಎಲ್ಲವೂ ಈ ತೂಕದ ಬೆನ್ನು ಹತ್ತಿ ಬರುತ್ತವೆ. ವೇಗ ಮಾತ್ರ ಬರುವುದಿಲ್ಲ. ಇಂಥ ಭಾರದ ದೋಣಿಯ ಗರಿಷ್ಠ ವೇಗ ನಿಂತಿರುವುದು ನೀರಿಗೆ ತಾಗಿರುವ ಉದ್ದದ ವರ್ಗಮೂಲದ ಮೇಲೆ: ಮೀಟರ್ ಲೆಕ್ಕದಲ್ಲಿ ಆ ವರ್ಗಮೂಲವನ್ನು 2.43ರಿಂದ ಗುಣಿಸಿದರೆ ವೇಗ ನಾಟ್ ಲೆಕ್ಕದಲ್ಲಿ (ಗಂಟೆಗೆ ಎಷ್ಟು ನಾಟಿಕಲ್ ಮೈಲಿ, ಅಂದರೆ ಸಮುದ್ರದ ಮೈಲಿ, ಎಂದು) ಸಿಗುತ್ತದೆ. ನೀರಿನ ಮಟ್ಟದಲ್ಲಿ 5.8 ಮೀಟರ್ ಉದ್ದವಿದ್ದರೆ 5.9 ನಾಟ್, 7.6 ಮೀಟರ್ ಇದ್ದರೆ 6.7 ನಾಟ್. ನಾಲ್ಕು ಪಟ್ಟು ತೂಕ ಹೊತ್ತು ಗಳಿಸಿದ್ದು ಗಂಟೆಗೆ ಒಂದು ನಾಟಿಕಲ್ ಮೈಲಿಗೂ ಕಡಿಮೆ.

ಇನ್ನು ಕೈಗೆ ಬೀಳುವ ಭಾರ. ಮುಂದಿನ ಹಾಯಿಯನ್ನು ಹಿಡಿದಿಡುವ ಹಗ್ಗದ ಮೇಲಿನ ಎಳೆತ ಹಾಯಿಯ ವಿಸ್ತೀರ್ಣಕ್ಕೆ ತಕ್ಕಂತೆ ಏರುತ್ತದೆ, ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. 20 ನಾಟ್ ಗಾಳಿಯಲ್ಲಿ 14 ಚದರ ಮೀಟರ್ ಹಾಯಿ ಹಗ್ಗವನ್ನು ಎಳೆಯುವುದು ಸುಮಾರು 115 ಕಿಲೋ ಬಲದಲ್ಲಿ. 30 ಚದರ ಮೀಟರಿನದು ಸುಮಾರು 250 ಕಿಲೋ. ಮೊದಲನೆಯದನ್ನು ಹಗ್ಗ ಎಳೆಯುವ ಸಣ್ಣ ಉರುಳೆಯಾದ ವಿಂಚ್‌ಗೆ ಎರಡು ಸುತ್ತು ಹಾಕಿ ಒಬ್ಬರೇ ಸಂಭಾಳಿಸಬಹುದು. ಎರಡನೆಯದರಲ್ಲಿ ಸುತ್ತು ಜಾರಿದರೆ ಬೆರಳು ಹೋಗುತ್ತದೆ. ಕಲಿಯುವವರು ತಪ್ಪು ಮಾಡಿಯೇ ಮಾಡುತ್ತಾರೆ. ಒಂದು ಟನ್ನಿನ ದೋಣಿ ಜೆಟ್ಟಿಗೆ ಗುದ್ದುವ ಮುಂಚೆ ಕಾಲು ಕೊಟ್ಟಾದರೂ ತಡೆಯೋಣ ಅನ್ನಿಸುತ್ತದೆ (ಅದನ್ನೂ ಮಾಡಬಾರದು, ದೋಣಿಯ ಪಕ್ಕಕ್ಕೆ ತೂಗುಬಿಡುವ ಮೆತ್ತೆ, ಅಂದರೆ ಫೆಂಡರ್, ಇರುವುದೇ ಅದಕ್ಕೆ). ನಾಲ್ಕೂವರೆ ಟನ್ನಿನ ಮುಂದೆ ಆ ಯೋಚನೆಗೂ ಜಾಗವಿಲ್ಲ.

ಹಾಗಾದರೆ ದೊಡ್ಡ ದೋಣಿಯಿಂದ ಸಿಗುವುದೇನು? ಸಿಗುವುದು ಬೇಕಾದಷ್ಟಿದೆ. ಒಳಗೆ ತಲೆಯೆತ್ತಿ ನಿಲ್ಲಬಹುದು, ಬಾಗಿಲಿರುವ ಶೌಚಾಲಯ ಇರುತ್ತದೆ, ಡೀಸೆಲ್ ಎಂಜಿನ್ ಇರುತ್ತದೆ. ಅಲೆಯಲ್ಲಿ ದೋಣಿ ತಟಪಟ ಕುಣಿಯದೆ ನಿಧಾನವಾಗಿ ಏರಿಳಿಯುವುದರಿಂದ ಹೊಟ್ಟೆ ತೊಳಸುವುದೂ ಕಡಿಮೆ. ನಾಲ್ಕು ಜನ ವಾರಗಟ್ಟಲೆ ನೀರಿನ ಮೇಲಿರುವ ಯೋಜನೆ ಇದ್ದರೆ 22 ಅಡಿ ಸಾಲದು, ಆ ಮಾತಿಗೆ ವಾದವಿಲ್ಲ. ಸಣ್ಣ ದೋಣಿಯಲ್ಲಿ ಸಾಗರ ದಾಟಿದವರಿಲ್ಲವೇ ಎಂದು ಕೇಳುತ್ತಾರೆ. ಇದ್ದಾರೆ, ರಾಬರ್ಟ್ ಮ್ಯಾನ್ರಿ 1965ರಲ್ಲಿ ಹದಿಮೂರೂವರೆ ಅಡಿಯ ದೋಣಿಯಲ್ಲಿ 78 ದಿನ ತೆಗೆದುಕೊಂಡು ಅಟ್ಲಾಂಟಿಕ್ ದಾಟಿದರು. ಆದರೆ ಅವರು ಮನೆಮಂದಿಯನ್ನು ಕರೆದುಕೊಂಡು ವಾರಾಂತ್ಯಕ್ಕೆ ಹೊರಟವರಲ್ಲ. ಯುರೋಪಿನ ನಿಯಮದಡಿ ತಯಾರಾದ ದೋಣಿಯಾದರೆ ಅದರ ತಗಡು ಫಲಕದಲ್ಲಿ ಎ, ಬಿ, ಸಿ, ಡಿ ವರ್ಗ ಬರೆದಿರುತ್ತದೆ. ಸಿ ಎಂದರೆ ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪಕದಲ್ಲಿ 6ರವರೆಗಿನ ಗಾಳಿ, 2 ಮೀಟರ್‌ವರೆಗಿನ ಅಲೆ. ಬಿ ಎಂದರೆ 8 ಮತ್ತು 4 ಮೀಟರ್. ಕೊಳ್ಳುವ ಮೊದಲು ಆ ಫಲಕ ಓದಿ, ನೀವು ಹೋಗಬೇಕೆಂದಿರುವ ನೀರು ಅದರೊಳಗೆ ಬರುತ್ತದೆಯೇ ನೋಡಿ.

ಈಗ ದುಡ್ಡಿನ ಮಾತು. ದೊಡ್ಡ ದೋಣಿಯ ಬೆಲೆ 100 ಪಾಲು ಎಂದಿಟ್ಟುಕೊಳ್ಳಿ, ಸಣ್ಣದು 20 ಪಾಲು, ನಿಮ್ಮ ಉಳಿತಾಯ ವರ್ಷಕ್ಕೆ 24 ಪಾಲು. ಸಣ್ಣದನ್ನು ಕೊಂಡು ಮೂರು ವರ್ಷ ಓಡಿಸಿ 15ಕ್ಕೆ ಮಾರಿದಿರಿ: ಕಳೆದದ್ದು 5. ನಿರ್ವಹಣೆ ವರ್ಷಕ್ಕೆ 3ರಂತೆ 9. ತಪಾಸಣೆ, ಹೆಸರು ಬದಲಾವಣೆ, ಮಾರಾಟದ ಓಡಾಟಕ್ಕೆ 2. ಒಟ್ಟು 16 ಪಾಲು, ಅಂದರೆ ಎಂಟು ತಿಂಗಳ ಉಳಿತಾಯ. ದೊಡ್ಡ ದೋಣಿ ಎಂಟು ತಿಂಗಳು ತಡವಾಗಿ ಬರುತ್ತದೆ, ಅದಕ್ಕೆ ಬದಲಾಗಿ ಮೂರು ವರ್ಷ ನೀರಿನ ಮೇಲಿರುತ್ತೀರಿ. ವರ್ಷಕ್ಕೆ 40 ದಿನ ಹೊರಟರೆ 120 ದಿನ. ವರ್ಷಕ್ಕೆ ಆರೇ ದಿನ ಹೊರಡುವವರಾದರೆ 18 ದಿನ, ಆಗ ಬಾಡಿಗೆ ದೋಣಿಯೇ ಅಗ್ಗ. ನಿಮ್ಮ ಅಂಕಿಗಳನ್ನು ಈ ಜಾಗದಲ್ಲಿ ತುಂಬಿ ನೋಡಿ. ನನ್ನ ಮಟ್ಟಿಗೆ ಉತ್ತರ ತಿರುಗುವುದು ಆ ‘ದಿನ’ದ ಸಂಖ್ಯೆಯ ಮೇಲೆ, ಅಡಿಯ ಮೇಲಲ್ಲ.

ನಿರ್ವಹಣೆಗೆ ಬೆಲೆಯ ನೂರಕ್ಕೆ ಹತ್ತು ಎಂಬ ಲೆಕ್ಕ ಎಲ್ಲೆಡೆ ಓಡಾಡುತ್ತದೆ. ಹಳೇ ದೋಣಿಗೆ ಅದನ್ನು ನಂಬಬೇಡಿ. ದೋಣಿ ನಿಮಗೆ ಅಗ್ಗಕ್ಕೆ ಸಿಕ್ಕಿತೆಂದು ಹಾಯಿಕಂಬವನ್ನು ಹಿಡಿದಿರುವ ಸ್ಟೀಲ್ ತಂತಿ ಅಗ್ಗವಾಗುವುದಿಲ್ಲ. ಆ ತಂತಿಗಳಿಗೆ 10ರಿಂದ 15 ವರ್ಷ ಆಯಸ್ಸು ಹಿಡಿಯುವುದು ರೂಢಿ. ಹೊರಗೆ ಫಳಫಳ ಹೊಳೆಯುತ್ತಿದ್ದರೂ ತಂತಿಯ ತುದಿಯನ್ನು ಹಿಡಿದಿರುವ ಲೋಹದ ಅಚ್ಚಿನೊಳಗೆ ಎಳೆ ತುಂಡಾಗಿರಬಹುದು. ಹಾಯಿ, ತಂತಿ, ಎಂಜಿನ್ ಈ ಮೂರನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ ಎಂದು ರಸೀದಿ ಸಮೇತ ಕೇಳಿ. ಮೂರಕ್ಕೂ ರಸೀದಿ ಇಲ್ಲದಿದ್ದರೆ ಆ ಮೂರರ ಹೊಸ ಬೆಲೆಯನ್ನು ದೋಣಿಯ ಬೆಲೆಗೆ ಕೂಡಿಸಿಯೇ ಯೋಚಿಸಿ.

ಸಣ್ಣ ದೋಣಿ ಕೊಂಡವರು ಮುಳುಗುವುದು ನೀರಲ್ಲಲ್ಲ, ಅಲಂಕಾರದಲ್ಲಿ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ. ಮೊದಲ ವರ್ಷ ದೊಡ್ಡ ಪರದೆಯ ಜಿಪಿಎಸ್, ಎರಡನೇ ವರ್ಷ ಸೋಲಾರ್ ಫಲಕ, ಫ್ರಿಜ್, ಹೊಸ ಹಾಸಿಗೆ. ಮಾರುವಾಗ ಇವಕ್ಕೆ ಯಾರೂ ಕಾಸು ಕೊಡುವುದಿಲ್ಲ. ಮೇಲಿನ ಲೆಕ್ಕದ 16 ಪಾಲು ಸದ್ದಿಲ್ಲದೆ 30 ಆಗಿರುತ್ತದೆ. ಖರ್ಚು ಮಾಡಬೇಕಿದ್ದರೆ ಕಳಚಿಕೊಂಡು ಮುಂದಿನ ದೋಣಿಗೆ ಒಯ್ಯಬಹುದಾದದ್ದಕ್ಕೆ ಮಾಡಿ: ಲೈಫ್ ಜಾಕೆಟ್, ಸುರಕ್ಷಾ ಪಟ್ಟಿ, ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೋ, ದುರ್ಬೀನು, ಒಳ್ಳೇ ಹತ್ಯಾರು.

ನೋಡಲು ಹೋಗುವಾಗ ಜೇಬಿನಲ್ಲಿ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಇರಲಿ. ಎಷ್ಟೋ ಫೈಬರ್ ದೋಣಿಗಳ ಡೆಕ್ ಒಳಗೆ ಎರಡು ಪದರಗಳ ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇರುತ್ತದೆ. ಒಂದೊಂದು ಗೇಣಿಗೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಕ್ ಟಕ್ ಎನ್ನುತ್ತದೆ, ಒಳಗೆ ನೀರು ಕುಡಿದು ಕೊಳೆತ ಜಾಗ ಒದ್ದೆ ಹಲಗೆಯಂತೆ ದಬ್ ಎನ್ನುತ್ತದೆ. ಕಂಬಿಯ ಬುಡ, ತಂತಿ ಕಟ್ಟಿದ ಪಟ್ಟಿ, ಕಿಟಕಿಯ ಸುತ್ತ ಹೆಚ್ಚು ಹೊತ್ತು ತಟ್ಟಿ. ನೀರು ಇಳಿಯುವುದು ಬೋಲ್ಟಿನ ತೂತಿನಿಂದ. ಅಂಗೈಯಗಲದ ಒಂದೆರಡು ಕಡೆ ದಬ್ ಎಂದರೆ ದುರಸ್ತಿ ಮಾಡಬಹುದು, ಬೆಲೆ ಇಳಿಸಿ. ಹಾಯಿಕಂಬದ ಬುಡದಲ್ಲಿ ದಬ್ ಎಂದರೆ ವಾಪಸ್ ಬನ್ನಿ.

ದೋಣಿ ನೀರಿನಿಂದ ಮೇಲಿದ್ದಾಗ ತಳದಿಂದ ಕೆಳಕ್ಕೆ ಚಾಚಿರುವ ಭಾರದ ಕೀಲ್ ಮತ್ತು ಒಡಲು ಸೇರುವ ಗೆರೆಯನ್ನು ಬೆರಳಿಂದ ಸವರಿ. ಕೀಲಿನ ಮುಂತುದಿಯ ಹತ್ತಿರ ಗೆರೆ ತುಟಿ ಬಿಚ್ಚಿದಂತೆ ಬಿರಿದಿದ್ದರೆ, ತುಕ್ಕಿನ ನೀರು ಒಸರಿದ ಕಲೆ ಇದ್ದರೆ, ಬೋಲ್ಟ್‌ಗಳನ್ನು ತಜ್ಞರು ನೋಡದೆ ಮುಂಗಡ ಕೊಡಬೇಡಿ. ಚುಕ್ಕಾಣಿಯ ಕೆಳತುದಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಲಟಲಟ ಎಂದರೆ ಬೇರಿಂಗ್ ಸವೆದಿದೆ. ಒಡಲಿನ ತೂತಿಗೆ ಕೂರಿಸಿದ ಹಿತ್ತಾಳೆ ಕವಾಟವನ್ನು ಕೆರೆದಾಗ ಹಳದಿಯ ಬದಲು ಗುಲಾಬಿ ಬಣ್ಣ ಕಂಡರೆ ಸತುವು ಕರಗಿಹೋಗಿ ಲೋಹ ಟೊಳ್ಳಾಗಿದೆ. ಅದು ಮುರಿದರೆ ದೋಣಿ ಕಟ್ಟಿಹಾಕಿದಲ್ಲೇ ಮುಳುಗುತ್ತದೆ.

ಎಂಜಿನ್ ಶುರು ಮಾಡಿಸುವ ಮುಂಚೆ ಅದನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುನ್ನ ಓಡಿಸಿಟ್ಟಿದ್ದಾರೆ. ತಣ್ಣಗಿದ್ದಾಗ ಹತ್ತುತ್ತದೆಯೋ ಇಲ್ಲವೋ ಎಂಬುದೇ ನಿಮಗೆ ಬೇಕಾದ ಸಂಗತಿ. ಔಟ್‌ಬೋರ್ಡ್ (ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ತಗುಲಿಸುವ ಎಂಜಿನ್) ಆದರೆ ಪಕ್ಕದಿಂದ ಪಿಚಕಾರಿಯಂತೆ ನೀರು ಚಿಮ್ಮಬೇಕು. ಚಿಮ್ಮದಿದ್ದರೆ ಹೆಚ್ಚಾಗಿ ನೀರೆತ್ತುವ ರಬ್ಬರ್ ಇಂಪೆಲರ್ ಹೋಗಿರುತ್ತದೆ ಇಲ್ಲವೇ ದಾರಿ ಕಟ್ಟಿರುತ್ತದೆ. ಪೆಟ್ರೋಲ್ ಬಿಟ್ಟೇ ತಿಂಗಳುಗಟ್ಟಲೆ ನಿಲ್ಲಿಸಿದ್ದರೆ ಕಾರ್ಬುರೇಟರಿನಲ್ಲಿ ಅಂಟು ಕಟ್ಟುತ್ತದೆ. ಇವೆರಡೂ ಸಣ್ಣ ರಿಪೇರಿ. ಔಟ್‌ಬೋರ್ಡ್ ಕೆಟ್ಟರೆ ಬಿಚ್ಚಿ ಹೊತ್ತುಕೊಂಡು ಹೋಗಬಹುದೆನ್ನುವುದೇ ಸಣ್ಣ ದೋಣಿಯ ದೊಡ್ಡ ಅನುಕೂಲ.

ಕಾಯುವುದೇ ಸರಿ ಎನ್ನುವ ಸಂದರ್ಭಗಳೂ ಇವೆ. ಕಟ್ಟಲು ಜಾಗ ಗೊತ್ತಾಗದೆ ದೋಣಿ ಕೊಳ್ಳಬೇಡಿ. ಟ್ರೇಲರ್ ಮೇಲೆ ಮನೆಗೆ ಒಯ್ಯುವಂಥದ್ದಾದರೆ ಆ ಚಿಂತೆ ಇಲ್ಲ. ಬೆನ್ನುನೋವಿರುವವರಿಗೆ ಬಗ್ಗಿಕೊಂಡೇ ಓಡಾಡುವ ಕೋಣೆ ಎರಡೇ ವಾರಾಂತ್ಯಕ್ಕೆ ಸಾಕಾಗುತ್ತದೆ. ಒಂದೇ ವರ್ಷದಲ್ಲಿ ದೊಡ್ಡದಕ್ಕೆ ದುಡ್ಡು ಕೂಡುವುದಿದ್ದರೂ ಕಾಯಿರಿ, ಕೊಳ್ಳುವ-ಮಾರುವ ಖರ್ಚೇ ಲಾಭ ತಿನ್ನುತ್ತದೆ. ಕಾಯುವಾಗ ಒಂದು ಕೆಲಸ ಮಾಡಿ: ದೊಡ್ಡ ದೋಣಿ ಆಗಲೇ ಬಂದಿದೆ ಎಂದುಕೊಂಡು ಅದರ ತಿಂಗಳ ನಿರ್ವಹಣೆಯನ್ನು, ಉಳಿತಾಯದ ಹೊರತಾಗಿ, ಬೇರೆ ಖಾತೆಗೆ ಹಾಕುತ್ತಾ ಬನ್ನಿ. ಆರು ತಿಂಗಳು ಸಲೀಸಾಗಿ ಹಾಕಿದಿರೋ, ದೋಣಿ ನಿಮಗೆ ಎಟಕುತ್ತದೆ. ಮೂರನೇ ತಿಂಗಳಿಗೇ ಕೈ ಕಟ್ಟಿತೋ, ಕೊಂಡ ಮೇಲೆ ಕಟ್ಟುವುದೂ ಹೀಗೆಯೇ.

ಸಣ್ಣದರಿಂದ ದೊಡ್ಡದಕ್ಕೆ ಹೋಗುವವರು ಮೊದಲು ಸಣ್ಣದನ್ನು ಮಾರಿ. ಎರಡೂ ಒಟ್ಟಿಗಿದ್ದರೆ ದೋಣಿ ಕಟ್ಟುವ ಜಾಗಕ್ಕೆ ಎರಡು ಬಾಡಿಗೆ, ಎರಡು ವಿಮೆ; ಆ ಅವಸರದಲ್ಲಿ ಬೆಲೆ ಕುಸಿಯುತ್ತದೆ. ಋತು ಶುರುವಾಗುವ ಒಂದು ತಿಂಗಳು ಮುಂಚೆ, ತೊಳೆದು, ತಳಕ್ಕೆ ಬಣ್ಣ ಬಳಿದು, ಹಾಯಿಗಳನ್ನು ಬಿಚ್ಚಿ ಹರಡಿ ಫೋಟೋ ತೆಗೆದು, ರಸೀದಿಗಳ ಕಡತದ ಜೊತೆ ಮಾರಾಟಕ್ಕಿಡಿ. ನೋಡಲು ಬರುವವರು ಬಂದಾಗ ಎಂಜಿನ್ ತಣ್ಣಗಿರಲಿ.