ದೂರದರ್ಶಕಕ್ಕೆ ಗಂಟೆಗೆ ಬಾಡಿಗೆ ಎಷ್ಟು?

ಪ್ರಶ್ನೆ: ಮಗಳು ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದಾಳೆ. ಬಾಹ್ಯಾಕಾಶ ದೂರದರ್ಶಕದಲ್ಲಿ ಒಂದು ನಕ್ಷತ್ರವನ್ನು ವೀಕ್ಷಿಸಬೇಕೆಂದು ಅವಳ ಆಸೆ. ಗಂಟೆಗೆ ಎಷ್ಟು ಹಣ ಕಟ್ಟಬೇಕು? ನಮ್ಮಂಥವರಿಗೆ ಕೊಡುತ್ತಾರೆಯೇ? (ಪೆರ್ಲದ ಓದುಗರೊಬ್ಬರು)

ಹಣ ಕಟ್ಟಬೇಕಾಗಿಲ್ಲ. ಬದಿಯಡ್ಕದಿಂದ ಮಂಜೇಶ್ವರದವರೆಗೆ ಎಷ್ಟು ಶಾಲೆಗಳಲ್ಲಿ ಈ ಮಾತು ಹೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ "ಆದರೂ ಸರ್, ಅಂದಾಜು ಎಷ್ಟಾದೀತು?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಈ ತಪ್ಪು ತಿಳಿವಳಿಕೆಯ ಬೇರು ಎಲ್ಲಿದೆಯೆಂದು ನನಗೆ ಗೊತ್ತು. ತೋಟದಲ್ಲಿ ಕೆರೆ ತೋಡಿಸಲು ಜೆಸಿಬಿ ಕರೆಸಿದರೆ ಗಂಟೆಗೆ ಇಷ್ಟೆಂದು ಬಾಡಿಗೆ ಇರುತ್ತದೆ, ಯಂತ್ರ ದೊಡ್ಡದಾದಷ್ಟೂ ಬಾಡಿಗೆಯೂ ಏರುತ್ತದೆ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕಕ್ಕೆ ಸುಮಾರು 1,000 ಕೋಟಿ ಡಾಲರ್ ವೆಚ್ಚವಾಯಿತೆಂದು ಓದಿದವರು ಆ ಮೊತ್ತವನ್ನು ಗಂಟೆಗಳಿಂದ ಭಾಗಿಸಿ ಬೆಚ್ಚಿಬೀಳುತ್ತಾರೆ. ಭಾಗಾಕಾರದಲ್ಲಿ ತಪ್ಪಿಲ್ಲದಿರಬಹುದು, ಆದರೆ ಆ ಬಿಲ್ಲನ್ನು ವೀಕ್ಷಕರ ಕೈಗೆ ಯಾರೂ ಕೊಡುವುದಿಲ್ಲ. ಆ ಖರ್ಚನ್ನು ಅಮೆರಿಕ, ಯುರೋಪ್ ಮತ್ತು ಕೆನಡಾದ ಬಾಹ್ಯಾಕಾಶ ಸಂಸ್ಥೆಗಳು ಆಗಲೇ ಭರಿಸಿವೆ. ಯಾವ ದೇಶದವರಾದರೂ ಅರ್ಜಿ ಹಾಕಬಹುದು, ಅರ್ಜಿಗೆ ಶುಲ್ಕವಿಲ್ಲ, ಸಮಯ ಮಂಜೂರಾದ ಮೇಲೂ ಶುಲ್ಕವಿಲ್ಲ. ಕೋಟ್ಯಧಿಪತಿಯೊಬ್ಬರು ಚೆಕ್ಕು ಬರೆದುಕೊಟ್ಟು ಒಂದು ರಾತ್ರಿಯನ್ನು ಕೊಂಡುಕೊಳ್ಳಲು ಬಯಸಿದರೂ ಆ ಚೆಕ್ಕನ್ನು ಪಡೆಯುವ ಕಿಟಕಿಯೇ ಅಲ್ಲಿಲ್ಲ.

ಹಾಗೆಂದು ಕಟೀಲು ಯಕ್ಷಗಾನ ಮೇಳದ ಹರಕೆಯಾಟದಂತೆ, ಮೊದಲೇ ಹೆಸರು ಬರೆಸಿ ವರ್ಷಗಟ್ಟಲೆ ಕಾದರೆ ನಮ್ಮ ಸರದಿ ಬಂದೀತೆಂದೂ ತಿಳಿಯಬಾರದು. ವೆಬ್‌ನ ಮೊದಲ ಸುತ್ತಿನ ಅರ್ಜಿ ಆಹ್ವಾನಕ್ಕೆ 44 ದೇಶಗಳಿಂದ 1,173 ಅರ್ಜಿಗಳು ಬಂದಾಗ ಆಯ್ಕೆಯಾದವು 286 ಮಾತ್ರ. 2024ರ ಅಕ್ಟೋಬರಿನಲ್ಲಿ ಮುಗಿದ ನಾಲ್ಕನೆಯ ಸುತ್ತಿಗೆ ಬಂದ ಅರ್ಜಿಗಳು 2,300ಕ್ಕೂ ಹೆಚ್ಚು, ಅವರೆಲ್ಲ ಕೇಳಿದ ಒಟ್ಟು ಸಮಯ ಲಭ್ಯವಿದ್ದುದರ ಸುಮಾರು ಒಂಬತ್ತು ಪಟ್ಟು. ಒಂದು ಸುತ್ತಿನಲ್ಲಿ ತಿರಸ್ಕೃತವಾದ ಅರ್ಜಿ ಮುಂದಿನ ಸುತ್ತಿನ ಸರದಿಯಲ್ಲಿ ನಿಲ್ಲುವುದಿಲ್ಲ, ಅದನ್ನು ಹೊಸದಾಗಿಯೇ ಬರೆದು ಸಲ್ಲಿಸಬೇಕು.

ಹಾಗಾದರೆ ನಿರ್ಧಾರವಾಗುವುದು ಯಾವುದರ ಮೇಲೆ? ಕೆಲವೇ ಪುಟಗಳ ಒಂದು ಬರಹದ ಮೇಲೆ. ಈ ನಕ್ಷತ್ರವನ್ನೇ ಏಕೆ ನೋಡಬೇಕು, ಭೂಮಿಯ ಮೇಲಿನ ದೂರದರ್ಶಕ ಏಕೆ ಸಾಲದು, ಇಷ್ಟೇ ಹೊತ್ತು ಸಾಕೆಂದು ಹೇಗೆ ಲೆಕ್ಕ ಹಾಕಿದಿರಿ ಎಂಬುದನ್ನು ಖಗೋಳ ವಿಜ್ಞಾನಿಗಳ ಸಮಿತಿಗೆ ಅದು ಮನಗಾಣಿಸಬೇಕು. ವೆಬ್‌ಗಿಂತ ಹಳೆಯ ಬಾಹ್ಯಾಕಾಶ ದೂರದರ್ಶಕವಾದ ಹಬಲ್‌ಗೆ ಸಮಯವನ್ನು ಗಂಟೆಯಲ್ಲಲ್ಲ, ಅದು ಭೂಮಿಗೆ ಹಾಕುವ ಸುಮಾರು 95 ನಿಮಿಷಗಳ ಒಂದೊಂದು ಪ್ರದಕ್ಷಿಣೆಯ ಲೆಕ್ಕದಲ್ಲಿ ಕೇಳಬೇಕು.

"ನಮ್ಮಂಥವರಿಗೆ" ಎಂಬ ಮಾತಿಗೂ ಉತ್ತರವಿದೆ. ಹಬಲ್‌ನಲ್ಲಿ 2018ರಿಂದ, ವೆಬ್‌ನಲ್ಲಿ ಆರಂಭದಿಂದಲೇ, ಅರ್ಜಿದಾರರು ಯಾರೆಂದು ಪರಿಶೀಲಕರಿಗೆ ಗೊತ್ತಾಗುವುದಿಲ್ಲ. "ನಾವು ಹಿಂದಿನ ಪ್ರಬಂಧದಲ್ಲಿ ತೋರಿಸಿದಂತೆ" ಎಂದು ಬರೆಯುವಂತಿಲ್ಲ, "ಹಿಂದಿನ ಅಧ್ಯಯನವೊಂದು ತೋರಿಸಿದಂತೆ" ಎಂದೇ ಬರೆಯಬೇಕು. ಹಬಲ್‌ನಲ್ಲಿ ಈ ಕ್ರಮ ಜಾರಿಗೆ ಬಂದ ಮೊದಲ ಸುತ್ತಿನಲ್ಲೇ ಮಹಿಳೆಯರ ನೇತೃತ್ವದ ಅರ್ಜಿಗಳ ಯಶಸ್ಸಿನ ಪ್ರಮಾಣ 8.7 ಶೇಕಡಾ ಆಗಿ, ಪುರುಷರ 8 ಶೇಕಡಾವನ್ನು ಮೀರಿತು. ಅಮೆರಿಕದ ಬಾಲ್ಟಿಮೋರ್‌ನ ಹೆಸರಾಂತ ಪ್ರಾಧ್ಯಾಪಕರ ಅರ್ಜಿಯೂ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯ ಅರ್ಜಿಯೂ ಸಮಿತಿಯ ಮೇಜಿಗೆ ಬರುವಾಗ ಹೆಸರಿಲ್ಲದ ಕಾಗದಗಳೇ. ಆದರೂ ಎಂ.ಎಸ್ಸಿ. ಹಂತದಲ್ಲಿ ಒಬ್ಬಳೇ ಹೊರಡುವುದಕ್ಕಿಂತ ಅನುಭವಿ ಮಾರ್ಗದರ್ಶಕರ ತಂಡದಲ್ಲಿ ಸಹಸಂಶೋಧಕಿಯಾಗುವುದು ಜಾಣತನ.

ಹಣದ ನಿಜವಾದ ತೊಡಕು ಇರುವುದು ಬೇರೆ ಕಡೆ. ಸಮಯ ಪಡೆದ ಅಮೆರಿಕದ ಸಂಶೋಧಕರಿಗೆ ನಾಸಾದ ಅನುದಾನವೂ ದೊರೆಯುತ್ತದೆ. ವಿದ್ಯಾರ್ಥಿಗಳ ವೇತನ, ಪ್ರಯಾಣ, ಪ್ರಬಂಧ ಪ್ರಕಟಣೆಯ ವೆಚ್ಚ ಅದರಿಂದ ನಡೆಯುತ್ತದೆ. ಅಂದರೆ ಹಣ ಹರಿಯುವುದು ನೀವು ಊಹಿಸಿದ ದಿಕ್ಕಿಗೆ ಸಂಪೂರ್ಣ ವಿರುದ್ಧವಾಗಿ. ಭಾರತದವರಿಗೆ ಸಮಯ ಸಿಗುತ್ತದೆ, ಆ ಅನುದಾನ ಸಿಗುವುದಿಲ್ಲ. ನಮ್ಮವರು ಸಂಶೋಧನಾ ವೇತನವನ್ನೋ ಸಂಸ್ಥೆಯ ನಿಧಿಯನ್ನೋ ದೆಹಲಿಯ ಯೋಜನಾ ಅನುದಾನವನ್ನೋ ಪ್ರತ್ಯೇಕವಾಗಿ ಹುಡುಕಿಕೊಳ್ಳಬೇಕು.

ಅಮೆರಿಕದತ್ತಲೇ ನೋಡುವ ಅಗತ್ಯವೂ ಇಲ್ಲ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಹಾರಿದ ನಮ್ಮದೇ ಖಗೋಳ ವೀಕ್ಷಣಾ ಉಪಗ್ರಹ ಆಸ್ಟ್ರೋಸ್ಯಾಟ್, ಒಂದೇ ಆಕಾಶಕಾಯವನ್ನು ನೇರಳಾತೀತದಲ್ಲಿಯೂ ಕ್ಷ-ಕಿರಣದಲ್ಲಿಯೂ ಏಕಕಾಲಕ್ಕೆ ನೋಡುವಂತೆ ರೂಪುಗೊಂಡಿತು. ಇಸ್ರೋ ಅದಕ್ಕೂ ಸುತ್ತು ಸುತ್ತಾಗಿ ಅರ್ಜಿ ಕರೆದು, ಸಮಿತಿಯ ಮೂಲಕವೇ ಸಮಯ ಹಂಚುತ್ತ ಬಂದಿದೆ.

ಇನ್ನು ನೀವು ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆಯೊಂದಿದೆ: ಹೊಸ ವೀಕ್ಷಣೆಯೇ ಬೇಕೆ? ವೀಕ್ಷಿಸಿದವರಿಗೆ ಮೀಸಲಾದ ಅವಧಿ ಮುಗಿದ ಮೇಲೆ (ವೆಬ್‌ನಲ್ಲಿ ಸಾಮಾನ್ಯವಾಗಿ ಒಂದು ವರ್ಷ) ದತ್ತಾಂಶವೆಲ್ಲ ಸಾರ್ವಜನಿಕ ಸಂಗ್ರಹಕ್ಕೆ ಸೇರುತ್ತದೆ. ಹಬಲ್ ಮತ್ತು ವೆಬ್‌ನದು ಬಾಲ್ಟಿಮೋರ್‌ನ ಸಂಗ್ರಹದಲ್ಲಿದೆ, ಆಸ್ಟ್ರೋಸ್ಯಾಟ್‌ನದು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿದೆ. 1990ರಿಂದ ಹಬಲ್ ಕಂಡುದರಲ್ಲಿ ಬಹುಪಾಲು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಾಲ್ಟಿಮೋರ್‌ನ ಆ ಸಂಗ್ರಹದಲ್ಲಿ ಬಿದ್ದಿದೆ. ನಮ್ಮ ಅಂಗಳದ ದೂರದರ್ಶಕಕ್ಕೆ ಜೂನ್‌ನಿಂದ ಟಾರ್ಪಾಲು ಹೊದಿಸಿದರೆ ನವರಾತ್ರಿಯವರೆಗೆ ತೆಗೆಯಲಾಗುವುದಿಲ್ಲ, ಈ ಸಂಗ್ರಹಕ್ಕೆ ಮಳೆಗಾಲವೇ ಇಲ್ಲ. ಅರ್ಜಿ ಬರೆಯುವವರೂ ಮೊದಲು ಇಲ್ಲೇ ಹುಡುಕಬೇಕು, ಏಕೆಂದರೆ ಆಗಲೇ ನೋಡಿದ್ದನ್ನು ಮತ್ತೆ ಕೇಳಿದರೆ ಸಮಿತಿ ಕಾರಣ ಕೇಳುತ್ತದೆ.

ಆದ್ದರಿಂದ ಮಗಳಿಗೆ ತನ್ನ ನಕ್ಷತ್ರದ ಹೆಸರನ್ನು ಆ ಸಂಗ್ರಹಗಳಲ್ಲಿ ಹುಡುಕಿ ನೋಡಲು ಹೇಳಿ. ಸಿಕ್ಕಿದರೆ ಕೆಲಸ ಇಂದೇ ಆರಂಭವಾಯಿತು. ಸಿಗದಿದ್ದರೆ ಅದನ್ನು ಏಕೆ ನೋಡಬೇಕೆಂದು ಒಂದು ಪುಟ ಬರೆಯಲಿ. ಕಳುಹಿಸಿಕೊಟ್ಟರೆ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುತ್ತೇನೆ. ಅದಕ್ಕೂ ಗಂಟೆಗೆ ಎಷ್ಟೆಂದು ದಯವಿಟ್ಟು ಕೇಳಬೇಡಿ.